ಅಳತೆ ಪುಸ್ತಕ

ಚಿತ್ರ ಬರೆದವನಲ್ಲ ನಾನು, ಅಳೆದವನು.
ಟೇಪಿನ ಆ ತುದಿ ಜವಾನ ಮಾದಯ್ಯನ ಕೈಲಿ,
ಈ ತುದಿ ನನ್ನ ಹೆಬ್ಬೆರಳ ಕೆಳಗೆ.
ಮೈಸೂರು, ಮಂಡಿ ಮೊಹಲ್ಲಾ, ಧರ್ಮಾಸ್ಪತ್ರೆಯ ಪಡುಗೋಡೆ:
ಉದ್ದ ನಲವತ್ತೆರಡು ಅಡಿ, ಎತ್ತರ ಒಂಬತ್ತು,
ಕಿಟಕಿ ಎರಡು, ಕಳೆಯತಕ್ಕದ್ದು.

ರೇಷ್ಮೆ ಬಿದ್ದ ವರ್ಷ ಅದು.
ಹಡಗು ಹತ್ತಿ ಬಂದ ಅಗ್ಗದ ನೂಲು
ನಮ್ಮ ಗೂಡಿನ ಬೆಲೆ ನುಂಗಿ ನೀರು ಕುಡಿದಿತ್ತು.
ನೂಲು ಬಿಚ್ಚುವ ಒಲೆಯಲ್ಲಿ ಬೆಕ್ಕು ಮಲಗಿ,
ಮಲಗಿದ್ದಷ್ಟೇ ಅಲ್ಲ, ಮರಿಯನ್ನೂ ಹಾಕಿತ್ತು.
ಕೂಲಿ ಕೊಡಬೇಕು, ಸುಮ್ಮನೆ ಕೊಡಕೂಡದು
ಎಂದು ಸರ್ಕಾರದ ಯೋಚನೆ.
ಕಲ್ಲು ಒಡೆಯಬಲ್ಲವರಿಗೆ ರಸ್ತೆ ಕೆಲಸ. ಒಡೆಯಲಾರದವರಿಗೆ?
ಯಾರೋ ಪುಣ್ಯಾತ್ಮ ಕಡತದ ಅಂಚಿನಲ್ಲಿ ಗೀಚಿದ:
ಗೋಡೆಗಳು ಖಾಲಿ ಇವೆ.

ಹಾಗೆ ಬಂದರು ಚಿತ್ರಗಾರ ಕೊಂಡರಾಜುಗಳು,
ಅಳಿಲು ಬಾಲದ ಕುಂಚ ಬಿದಿರ ಕೊಳವೆಯಲ್ಲಿ,
ಹಿಂದೆ ಮಗಳು ತಿಮ್ಮಾಜಿ, ತಲೆಯ ಮೇಲೆ ತಪ್ಪಲೆ.
"ಇಂಗಳಿಕ ಕೊಡ್ತೀರಾ ಸ್ವಾಮಿ? ಅರದಾಳ?"
"ಎಸ್ಟಿಮೇಟಿನಲ್ಲಿರೋದು ಕಾವಿ, ಸುಣ್ಣ, ಅಗಸರ ನೀಲಿ."
"ಚಿನ್ನದ ರೇಕು?"
ಮಾದಯ್ಯ ನಕ್ಕುಬಿಟ್ಟ.
ಅವರೂ ನಕ್ಕರು, ಸ್ವಲ್ಪ ತಡವಾಗಿ.

ಚದರಡಿಗೆ ಮುಕ್ಕಾಲಾಣೆ.
ಆಕಾಶಕ್ಕೂ ಅದೇ ದರ, ಕಣ್ಣ ರೆಪ್ಪೆಗೂ ಅದೇ.
ಬೇರೆ ಯಾರಾದರೂ ಆಗಿದ್ದರೆ
ಆಕಾಶ ಬಳಿದು ಸಂಜೆಗೆ ಮನೆ ಸೇರುತ್ತಿದ್ದರು.
ನಾನೇ ಮೆಲ್ಲಗೆ ಅಂದೆ,
"ಮೋಡ ಜಾಸ್ತಿ ಹಾಕಿ ರಾಜುಗಳೇ, ಹೇಗೂ ಮಳೆಗಾಲ."
ಆ ವಾರವೆಲ್ಲ ಅವರು ಬರೆದದ್ದು
ಒಂದು ಕೈ.

ಮೇಲಿನಿಂದ ಆದೇಶ: ಗೋಡೆಯ ಮೇಲೆ ಸುಭಿಕ್ಷ ಇರತಕ್ಕದ್ದು.
ಇತ್ತು. ತುಂಬಿದ ಕಾಲುವೆ, ಬಾಗಿದ ಭತ್ತ, ದುಂಡು ಕೆನ್ನೆಯ ಮಕ್ಕಳು.
ಆದರೆ ಬಲಗಡೆಯ ಮೂಲೆಯಲ್ಲಿ
ಜೈನಾಬಿ ಕೂತುಬಿಟ್ಟಿದ್ದಳು,
ದಿನವೂ ಔಷಧಿಯ ಸಾಲಿನಲ್ಲಿ ಕೂರುವ ಹಾಗೆಯೇ,
ಗೂಡು ಬೇಯಿಸಿ ಬೇಯಿಸಿ ತಾವೂ ಬೆಂದ ಬೆರಳುಗಳನ್ನು ಮಡಿಲಲ್ಲಿಟ್ಟು.
ಆ ಬೆರಳ ಸಂದಿಯಿಂದ ಒಂದು ಎಳೆ,
ಇದೆ ಎಂದು ಗೊತ್ತಿದ್ದವರಿಗಷ್ಟೇ ಕಾಣುವ ಎಳೆ,
ಕಾಲುವೆ ದಾಟಿ, ಭತ್ತ ದಾಟಿ,
ಒಂದು ಕಿಟಕಿಯಲ್ಲಿ ಒಳಗೆ ಹೋಗಿ, ಇನ್ನೊಂದರಲ್ಲಿ ಹೊರಗೆ ಬಂದು
ಆ ತುದಿಯ ಮಗುವಿನ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತ್ತು.
(ಗುಂಡಿ ಬರೆದವಳು ತಿಮ್ಮಾಜಿ. ಕೊಂಚ ಸೊಟ್ಟ.)

ಇಂಜಿನಿಯರು ಜಟಕಾದಿಂದ ಇಳಿಯದೆ ನೋಡಿದರು.
"ಮೂಲೆಯಲ್ಲಿ ಯಾರದು?"
"ಭೂದೇವಿ," ಅಂದರು ರಾಜುಗಳು.
"ಕೈಯಲ್ಲಿ ತೆನೆ ಎಲ್ಲಿ?"
"ಇನ್ನು ಬರೀಬೇಕು."
ಬರೆಯಲಿಲ್ಲ.

ಜೈನಾಬಿಯೂ ಬಂದಳು ಒಂದು ಮಧ್ಯಾಹ್ನ.
ಭೂದೇವಿಯ ಎದುರು ಸೆರಗು ಸರಿಮಾಡಿಕೊಂಡು ನಿಂತು
"ಮೂಗುಬಟ್ಟು ಇಟ್ಟಿದ್ದೀರಿ," ಎಂದಳು,
"ಅದು ಅಡವು ಹೋಗಿ ಎರಡು ತಿಂಗಳಾಯ್ತು."
"ಗೋಡೆ ಮೇಲಿರಲಿ ತಾಯಿ. ಇಲ್ಲಿಗೆ ಬಡ್ಡಿ ಬೆಳೆಯೋಲ್ಲ."
ನಾನು ಹತ್ತಿರ ಹೋಗಿ ನೋಡಿದೆ:
ಸಾಸಿವೆಯಷ್ಟು. ಚಿನ್ನದ್ದೇ ರೇಕು.
ಎಸ್ಟಿಮೇಟಿನಲ್ಲಿರಲಿಲ್ಲ, ನನ್ನ ಪುಸ್ತಕದಲ್ಲೂ ಇಲ್ಲ.

ಬಿಲ್ಲು ಬರೆಯುವಾಗ ಕಿಟಕಿ ಕಳೆಯಲು ಮರೆತೆ.
ಮರೆತೆ ಎಂದೇ ಇಟ್ಟುಕೊಳ್ಳಿ.
ಇಪ್ಪತ್ತನಾಲ್ಕು ಚದರಡಿ, ಒಂದು ರೂಪಾಯಿ ಎರಡಾಣೆ.
ಎರಡು ವರ್ಷದ ಮೇಲೆ ಆಡಿಟ್ಟಿನವರ ಕೆಂಪು ಮಸಿ ಕೇಳಿತು:
ಕಿಟಕಿಯ ಮೇಲೆ ಯಾವ ಚಿತ್ರವಿತ್ತು?
ಉತ್ತರ ಬರೆದೆ:
ಎಳೆ ಅಲ್ಲಿಂದಲೇ ಹಾದುಹೋಗುತ್ತಿತ್ತು.
ಸಮಾಧಾನಕರವಲ್ಲ ಎಂದು ಷರಾ.
ನನ್ನ ಸಂಬಳದಲ್ಲಿ ಹಿಡಿದುಕೊಂಡರು.

ಆಮೇಲೆ ನೂಲಿಗೆ ತುಸು ಬೆಲೆ ಬಂತು.
ಒಲೆ ಹೊತ್ತಿದವು, ಬೆಕ್ಕು ಎದ್ದುಹೋಯಿತು,
ಗೋಡೆಯ ಚಿತ್ರ ಯಾರಿಗೂ ಬೇಡವಾಯಿತು.
ದಸರೆಗೆ ಮುಂಚೆ ಸುಣ್ಣ ಬಳಿಯಿರೆಂದು ಆರ್ಡರು.
ಬಳಿದವರಿಗೂ ಚದರಡಿ ಲೆಕ್ಕವೇ.
ಮಾದಯ್ಯ ಆ ತುದಿ, ನಾನು ಈ ತುದಿ,
ಹಸಿ ಸುಣ್ಣದ ವಾಸನೆಗೆ ಇಬ್ಬರ ಕಣ್ಣೂ ಉರಿ.
ಉದ್ದ ನಲವತ್ತೆರಡು, ಎತ್ತರ ಒಂಬತ್ತು.
ಕಿಟಕಿ ಎರಡು.
ಈ ಸಲ ಕಳೆದೆ.